ನಾನು ಬಿಡಿಸಿದ ಚಿತ್ರನ ಯಾರೋ ಟೀಶರ್ಟ್ ಮೇಲೆ ಹಾಕಿ ಆನ್‌ಲೈನಲ್ಲಿ ಮಾರ್ತಿದ್ದಾರೆ, ಏನ್ ಮಾಡ್ಬಹುದು?

ನಿಮ್ಮ ಯಕ್ಷಗಾನ ವೇಷದ ಚಿತ್ರ ಟೀಶರ್ಟಲ್ಲಿ ಪ್ರಿಂಟಾಗಿ ಶಾಪಿಂಗ್ ಆಪಲ್ಲಿ 199 ರೂಪಾಯಿಗೆ ಸಿಗ್ತಿದೆ, ಕಾಪಿರೈಟ್ ರಿಜಿಸ್ಟರ್ ಮಾಡ್ಸಿಲ್ಲ, ಹಾಗಾದ್ರೆ ನಂಗೆ ಹಕ್ಕೇ ಇಲ್ವಾ ಅಂತ ಕೇಳಿದೀರ. ಇದೆ ರೀ, ಖಂಡಿತ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದಾಗ್ಲೇ ಹಕ್ಕು ನಿಮ್ಮದಾಗುತ್ತೆ, ನೀವಿರೋವರೆಗೂ ಇರುತ್ತೆ, ಆಮೇಲೂ 60 ವರ್ಷ ನಿಮ್ಮ ವಾರಸುದಾರರದ್ದು. ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ, ಆದ್ರೆ ಕೋರ್ಟಿಗೆ ಹೋಗೋ ಪರಿಸ್ಥಿತಿ ಬಂದ್ರೆ ಆ ಸರ್ಟಿಫಿಕೇಟ್ ಒಳ್ಳೆ ಸಾಕ್ಷಿ.

ನಾನೂ ಕನ್ನಡ ಅಕ್ಷರಗಳ ಡಿಸೈನ್ ಮಾಡಿ ಮಾರೋನು, ರಾಜ್ಯೋತ್ಸವ ಹತ್ರ ಬಂತು ಅಂದ್ರೆ ಅಕ್ಟೋಬರಿಂದ್ಲೇ ನಕಲಿಗಳು ಶುರು ಆಗ್ತವೆ, ಹೊಟ್ಟೆ ಉರಿಯುತ್ತೆ, ನಿಮ್ಮ ಸಂಕಟ ಚೆನ್ನಾಗಿ ಅರ್ಥ ಆಗುತ್ತೆ. ಆದ್ರೆ ದಯವಿಟ್ಟು ಮೊದ್ಲು ಫೇಸ್‌ಬುಕ್ಕಲ್ಲಿ ಅವ್ರ ಹೆಸ್ರು ಹಾಕಿ ಬೈಬೇಡಿ. ಸೆಲ್ಲರ್ ಅದನ್ನ ನೋಡಿದ ತಕ್ಷಣ ಲಿಸ್ಟಿಂಗ್ (ಆಪಲ್ಲಿರೋ ಆ ಮಾಲಿನ ಪುಟ) ತೆಗೆದು ಇನ್ನೊಂದು ಹೆಸ್ರಲ್ಲಿ ಅಂಗಡಿ ತೆರೀತಾನೆ, ಸಾಕ್ಷಿ ಹೋಯ್ತು. ಮೊದ್ಲು ಲಿಂಕು, ತಾರೀಕು, ಸೆಲ್ಲರ್ ಹೆಸ್ರು, ಪ್ರಾಡಕ್ಟ್ ನಂಬರ್ ಎಲ್ಲಾ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳಿ, ಆಮೇಲೆ ಒಂದು ಟೀಶರ್ಟ್ ನೀವೇ ಆರ್ಡರ್ ಮಾಡಿ. 199 ರೂಪಾಯಿ ದಂಡ ಅನ್ಕೋಬೇಡಿ, ಯಾಕಂದ್ರೆ ಜೊತೆಗೆ ಬರೋ ಬಿಲ್ಲಲ್ಲಿ ಸೆಲ್ಲರ್‌ನ ನಿಜವಾದ ಹೆಸ್ರು, ವಿಳಾಸ, ಸಾಮಾನ್ಯವಾಗಿ ಜಿಎಸ್‌ಟಿ ನಂಬರೂ ಇರುತ್ತೆ, ಮುಂದೆ ನೋಟಿಸ್ ಕಳಿಸ್ಬೇಕು ಅಂದ್ರೆ ಅದೇ ಬೇಕು. ಕವರ್ ಕೂಡ ಎಸೀಬೇಡಿ. ನಿಮ್ಮ ಕಡೆಯಿಂದ ಪೆನ್ಸಿಲ್ ಸ್ಕೆಚ್ಚು, ಲೇಯರ್ ಇರೋ ಒರಿಜಿನಲ್ ಫೈಲು, ಮೊದಲ ಸಲ ಪೋಸ್ಟ್ ಮಾಡಿದ ಲಿಂಕು, ಇಷ್ಟು ಒಂದ್ಕಡೆ ಇಟ್ಕೊಳಿ.

ಈಗ ಕಂಪ್ಲೇಂಟ್. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಮಾರ್ಕೆಟ್‌ಪ್ಲೇಸೂ (ಬೇರೆ ಬೇರೆ ಸೆಲ್ಲರ್‌ಗಳು ಮಾರೋ ಶಾಪಿಂಗ್ ಆಪ್) ತನ್ನ ಗ್ರೀವೆನ್ಸ್ ಆಫೀಸರ್, ಅಂದ್ರೆ ದೂರು ನೋಡೋ ಅಧಿಕಾರಿಯ ಹೆಸ್ರು, ಸಂಪರ್ಕ ವಿವರ ಸೈಟಲ್ಲಿ ಹಾಕ್ಲೇಬೇಕು, ಅವ್ರು 48 ಗಂಟೇಲಿ ದೂರು ಬಂದಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಕಸ್ಟಮರ್ ಕೇರ್ ಚಾಟಲ್ಲಿ ಟೈಮ್ ಕಳೀಬೇಡಿ, ಅಲ್ಲಿರೋರಿಗೆ ರಿಟರ್ನ್, ರಿಫಂಡ್ ಬಿಟ್ರೆ ಬೇರೆ ಏನೂ ಕೈಲಿರಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರಲ್ಲೂ ಕಾಪಿರೈಟ್ ದೂರಿಗೆ ಬೇರೆ ಫಾರಂ ಇದೆ. ಬ್ರ್ಯಾಂಡ್‌ನವ್ರಿಗೆ ಅಂತ ಇರೋ ಅಮೆಜಾನ್ ಬ್ರ್ಯಾಂಡ್ ರಿಜಿಸ್ಟ್ರಿ ಸೇರೋಕೆ ಟ್ರೇಡ್‌ಮಾರ್ಕ್ ಬೇಕು, ಈ ಫಾರಂಗೆ ಬೇಡ. ಬರೆಯೋವಾಗ "ನನ್ನ ಡಿಸೈನ್ ಕದ್ದಿದಾರೆ ನ್ಯಾಯ ಕೊಡ್ಸಿ" ಅಂತ ಬರೀಬೇಡಿ, ಈ ಚಿತ್ರ ನಾನು ಬಿಡಿಸಿದ್ದು, ಈ ತಾರೀಕಿಗೆ ಈ ಲಿಂಕಲ್ಲಿ ಹಾಕಿದ್ದೆ, ಈ ಲಿಸ್ಟಿಂಗಲ್ಲಿ ಒಪ್ಪಿಗೆ ಇಲ್ದೆ ಬಳಸಿದಾರೆ, ಅಷ್ಟೇ. ಇನ್ನೊಂದು, ನೀವು ತೆಗೆದ ಫೋಟೋನೇ ಅವ್ರು ಎತ್ತಿ ಹಾಕಿದ್ರೆ ಅದನ್ನೂ ಸೇರಿಸಿ, ಫೋಟೋಗೂ ಕಾಪಿರೈಟ್ ಇದೆ, ಮತ್ತೆ ಎರಡು ಫೋಟೋ ಪಕ್ಕಪಕ್ಕ ಇಟ್ರೆ ಯಾರೂ ವಾದ ಮಾಡಕ್ಕಾಗಲ್ಲ.

ಒಂದು ಲಿಸ್ಟಿಂಗ್ ಹೋದ್ರೆ ಇನ್ನೊಂದು ಬರುತ್ತೆ, ಇದು ನಿಜ. ಅದಕ್ಕೇ ಪ್ರತಿ ದೂರಲ್ಲೂ ಹಿಂದಿನ ದೂರಿನ ನಂಬರ್ ಹಾಕಿ, ಇದೇ ಸೆಲ್ಲರ್ ಮತ್ತೆ ಮಾಡ್ತಿದಾನೆ ಅಂತ ಬರೀರಿ. ಕಾಪಿರೈಟ್ ಕಾರಣಕ್ಕೆ ತೆಗೆದ ಮಾಲನ್ನ ಪದೇ ಪದೇ ಹಾಕೋ ಸೆಲ್ಲರ್‌ಗಳ ದಾಖಲೆ ಇಡೋ ಪ್ರಯತ್ನ ಮಾರ್ಕೆಟ್‌ಪ್ಲೇಸ್ ಮಾಡ್ಬೇಕು ಅಂತ ಅದೇ 2020ರ ನಿಯಮಗಳಲ್ಲಿದೆ, ಇದನ್ನ ತುಂಬಾ ಜನ ಬಳಸೋದೇ ಇಲ್ಲ.

ಕನ್ನಡ ಡಿಸೈನ್ ಮಾಡೋರು ಗಮನಿಸ್ಬೇಕಾದ್ದು ಇನ್ನೊಂದಿದೆ. "ಕನ್ನಡಿಗ" ಅನ್ನೋ ಪದ ಯಾರ ಸ್ವತ್ತೂ ಅಲ್ಲ, ಯಾವ್ದೋ ಫಾಂಟಲ್ಲಿ ಟೈಪ್ ಮಾಡಿದ್ರೆ ಅದರ ಮೇಲೆ ಹಕ್ಕು ಕೇಳೋದು ಕಷ್ಟ, ಕೈಯಾರೆ ಬರೆದ ಅಕ್ಷರದ ರೂಪ ನಿಮ್ಮದು. ಕವನದ ಸಾಲು ಹಾಕೋವಾಗ್ಲೂ ನೋಡ್ಕೊಳಿ, ಕುವೆಂಪು ತೀರ್ಕೊಂಡಿದ್ದು 1994ರಲ್ಲಿ, ಅವ್ರ ಬರಹದ ಮೇಲಿನ ಹಕ್ಕು 2054ರ ಕೊನೆವರೆಗೂ ಇರುತ್ತೆ. ಒಪ್ಪಿಗೆ ಇಲ್ದೆ ಅದನ್ನ ಹಾಕಿ ಆಮೇಲೆ ಇನ್ನೊಬ್ರ ಮೇಲೆ ದೂರು ಕೊಡೋದು ನ್ಯಾಯ ಅಲ್ಲ, ದೂರು ನಿಲ್ಲೋದೂ ಅನುಮಾನ.

ಆಪಿಂದ ಆಗ್ಲಿಲ್ಲ ಅಂದ್ರೆ ವಕೀಲರ ನೋಟಿಸ್. ಸೆಲ್ಲರ್ ಸೂರತ್ತಲ್ಲಿರ್ಲಿ ತಿರುಪ್ಪೂರಲ್ಲಿರ್ಲಿ, ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವು ವಾಸ ಇರೋ ಜಿಲ್ಲಾ ಕೋರ್ಟಲ್ಲೇ ಕೇಸ್ ಹಾಕ್ಬಹುದು. ಗೊತ್ತಿದ್ದೂ ನಕಲು ಮಾಡಿದ್ರೆ 63ನೇ ಸೆಕ್ಷನ್ ಕೆಳಗೆ 3 ವರ್ಷದವರೆಗೂ ಜೈಲಿದೆ, ಅದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕ್ಬಹುದಾದ ಅಪರಾಧ ಅಂತ ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಿದೆ, ಸ್ಟೇಷನಲ್ಲಿ ಇದು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸಿದ್ರೆ ಆ ತೀರ್ಪಿನ ಪ್ರತಿ ತೋರ್ಸಿ.

ಮುಂದೆ ನೀವೇ ಬಟ್ಟೆಗೆ ಅಂತಾನೇ ಡಿಸೈನ್ ಮಾಡೋದಾದ್ರೆ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಬಗ್ಗೆ ವಕೀಲರನ್ನ ಮೊದ್ಲೇ ಕೇಳಿ. ಡಿಸೈನ್ ಕಾಯ್ದೆ ಕೆಳಗೆ ರಿಜಿಸ್ಟರ್ ಮಾಡ್ಸಬಹುದಾದ ವಿನ್ಯಾಸನ ಮಾಡ್ಸದೇ 50ಕ್ಕಿಂತ ಜಾಸ್ತಿ ಪ್ರಿಂಟ್ ಹಾಕಿದ್ರೆ ಕಾಪಿರೈಟೇ ಹೋಗುತ್ತೆ, ಆ ರಿಜಿಸ್ಟ್ರೇಶನ್ ಅರ್ಜಿನೂ ನೀವು ಎಲ್ಲೂ ಪೋಸ್ಟ್ ಮಾಡೋಕ್ ಮುಂಚೆನೇ ಹಾಕ್ಬೇಕು.