ಅಮ್ಮನ್ನ ಕರೆಸ್ಲಾ ಅಂತ ಕೇಳಿದ್ದೀಯ

ಸಾಗರದ ತಂಗೀ, ನಿನ್ನ ಪ್ರಶ್ನೆಗಳನ್ನ ಓದಿದೆ. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳು, ಈಗ ಐದು ತಿಂಗಳ ಬಸುರಿ. ಹೆರಿಗೆಗೆ ಊರಿಗೆ ಹೋಗ್ಲಾ ಇಲ್ಲೇ ಇರ್ಲಾ, ಖರ್ಚೆಷ್ಟು, ಇಲ್ಲಿ ಡಾಕ್ಟರೇ ನೋಡಲ್ವಂತೆ ಹೌದಾ ಅಂತೆಲ್ಲ ಕೇಳಿದ್ದೀಯ. ಕೊನೆಗೆ, "ಅಮ್ಮನ್ನ ಕರೆಸ್ಲಾ ಅಕ್ಕಾ? ತೋಟಕ್ಕೆ ಔಷಧಿ ಹೊಡೆಯೋ ಕಾಲ ಅಂತಿದ್ದಾಳೆ." ಅದನ್ನ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಸುಲಭದ್ದು ಮೊದಲು ಮುಗಿಸ್ತೀನಿ. ವೀಸಾ ಜತೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೀರಲ್ಲ, ಇಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಹೆರಿಗೆಗೆ ಬೇರೆ ದುಡ್ಡಿಲ್ಲ. ತೊಂದರೆ ಇಲ್ಲದ ಬಸುರನ್ನ ಇಲ್ಲಿ ಸೂಲಗಿತ್ತಿ, ಅಂದ್ರೆ ಮಿಡ್‌ವೈಫೇ ನೋಡ್ಕೊಳ್ಳೋದು, ಏನಾದ್ರೂ ಎಡವಟ್ಟಾದ್ರೆ ಡಾಕ್ಟರ್ ಬರ್ತಾರೆ. ಹೆದರಬೇಡ, ಅವರಿಗೆ ಅದೇ ಓದು, ಅದೇ ಕೆಲಸ. ಇಪ್ಪತ್ತನೇ ವಾರದ ಸ್ಕ್ಯಾನಲ್ಲಿ ಗಂಡೋ ಹೆಣ್ಣೋ ತಿಳ್ಕೋಬೇಕಾ ಅಂತ ಅವರೇ ಕೇಳಬಹುದು. ನಮ್ಮೂರ ಸ್ಕ್ಯಾನಿಂಗ್ ಸೆಂಟರಿನ ಬೋರ್ಡು ನೋಡಿ ಬೆಳೆದ ನಾನು, ಪೊಲೀಸ್ ಬಂದಾರೇನೋ ಅನ್ನೋ ಹಾಗೆ ಬಾಗಿಲ ಕಡೆ ನೋಡಿದ್ದೆ! ಊರಿಗೆ ಹೋಗೋದಾದ್ರೆ ಬೇಗ ಹೊರಡು. 28 ವಾರ ದಾಟಿದ್ರೆ ಹೆಚ್ಚಿನ ವಿಮಾನದವರು ಡಾಕ್ಟರ ಚೀಟಿ ಕೇಳ್ತಾರೆ. ಇಲ್ಲೇ ಹೆತ್ತರೆ 42 ದಿನದೊಳಗೆ ಜನನ ನೋಂದಣಿ ಆಗಬೇಕು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಕೂಸಿಗೆ ಇಲ್ಲಿನ ಪಾಸ್‌ಪೋರ್ಟ್ ಸಿಗಲ್ಲ. ವರ್ಷ ತುಂಬೋದ್ರೊಳಗೆ ನಮ್ಮ ಹೈಕಮಿಷನ್‌ನಲ್ಲೂ ಹೆಸರು ಬರೆಸಿ.

ನನ್ನ ಮಗಳು ಹುಟ್ಟಿದ್ದು 2011ರ ಜನವರಿಯಲ್ಲಿ. ನಮ್ಮನೆ ತೀರ್ಥಹಳ್ಳಿ ಹತ್ರ. ಜನವರಿ ಅಂದ್ರೆ ನಿಂಗೆ ಬಿಡಿಸಿ ಹೇಳೋದೇನಿದೆ, ಕೊನೆ ಕೊಯ್ಲು, ಅಂಗಳದ ತುಂಬ ಅಡಿಕೆ, ಸುಲಿಯೋರಿಗೆ ರಾತ್ರಿ ಹತ್ತಕ್ಕೂ ಕಾಫಿ. ಅಷ್ಟರ ನಡುವೆಯೂ ಅಮ್ಮ, "ಬರ್ಲೇನೇ?" ಅಂದ್ಲು. "ಬೇಡಮ್ಮ, ಇಲ್ಲಿ ಎಲ್ಲದಕ್ಕೂ ಮಷೀನಿದೆ, ನಾನೇ ನೋಡ್ಕೋತೀನಿ" ಅಂದೆ. ಚೊಚ್ಚಲ ಹೆರಿಗೆಯನ್ನ ತವರಿನ ಹಂಗಿಲ್ಲದೆ ಮಾಡ್ಕೊಂಡೆ ಅನ್ನಿಸ್ಕೊಳ್ಳೋ ಜಂಬ, ಬೇರೇನಲ್ಲ. ಅಮ್ಮ ಇನ್ನೊಂದು ಸಲ ಕೇಳಲಿಲ್ಲ.

ಹದಿನಾರು ಗಂಟೆ ನೋವು ತಿಂದೆ. ಬಾಯಿಗೆ ಕೊಳವೆ ಕೊಟ್ಟು ಗ್ಯಾಸ್ ಎಳ್ಕೋ ಅಂತಾರೆ, ತಲೆ ತೇಲುತ್ತೆ, ನೋವು ಅಲ್ಲೇ ಇರುತ್ತೆ. ಮಿಡ್‌ವೈಫ್ ಮಾತ್ರ ಕೈ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಕೂಸನ್ನ ಹಸಿಹಸಿಯಾಗೇ ಎದೆ ಮೇಲೆ ಹಾಕಿದ್ರು. ಆಮೇಲೆ ಟೀ, ಒಣ ಟೋಸ್ಟು. ಎರಡು ಗಂಟೆಯಲ್ಲಿ "ಹೋಗಿ ಸ್ನಾನ ಮಾಡ್ಕೊಂಡು ಬಾ" ಅಂತ ಎಬ್ಬಿಸಿದ್ರು. ಗೋಡೆ ಹಿಡ್ಕೊಂಡು ಹೋಗಿ ಶವರ್ ಕೆಳಗೆ ನಿಂತೆ. ವಾಪಸ್ ಬಂದ್ರೆ ಕಿಟಕಿ ತೆಗೆದಿಟ್ಟಿದ್ದಾರೆ, ಜನವರಿ ಗಾಳಿ! ಬಾಣಂತಿ ಕಿವಿಗೆ ಹತ್ತಿ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು?

ಇವರಿಗೆ ಎರಡೇ ವಾರ ರಜೆ. ಮುಗಿದ ಮೇಲೆ ಮನೆಯಲ್ಲಿ ನಾನು, ಕೂಸು, ನಾಲ್ಕೂವರೆಗೇ ಕವಿಯೋ ಕತ್ತಲೆ. ಬಾಣಂತಿ-ಕೂಸನ್ನ ನೋಡೋಕೆ ಮನೆಗೆ ಬರೋ ನರ್ಸ್, ಹೆಲ್ತ್ ವಿಸಿಟರ್, ಬಂದಾಗ ಹತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟಳು. ನಗು ಬರುತ್ತಾ, ಕಾರಣ ಇಲ್ಲದೆ ಹೆದರಿಕೆ ಆಗುತ್ತಾ, ನಿದ್ದೆ ಹತ್ತುತ್ತಾ, ಇಂಥವೇ. ಹತ್ತಕ್ಕೂ ಚೆನ್ನಾಗಿದ್ದೀನಿ ಅನ್ನೋ ಕಡೆಗೇ ಗೀಟು ಹಾಕಿದೆ. ಮನೆ ಮಾತು ಹೊರಗಿನವಳ ಹತ್ರ ಯಾಕೆ ಅಂತ. ಅವಳು ಗೇಟು ದಾಟೋದನ್ನೇ ಕಾದು, ಬಚ್ಚಲ ನೆಲದ ಮೇಲೆ ಕೂತು ಅತ್ತಿದ್ದೀನಿ. ಫೋನಲ್ಲಿ ಅಮ್ಮನಿಗೂ ಅದೇ ಸುಳ್ಳು. ಜಿಪಿ, ಅಂದ್ರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಹತ್ರ ಹೋಗಿ ಬಾಯಿ ಬಿಡೋಕೆ ಆರು ತಿಂಗಳು ಬೇಕಾಯ್ತು.

ಊರಲ್ಲಿ ಬಾಣಂತಿಯನ್ನ ಹೇಗಿದ್ದೀಯ ಅಂತ ಯಾರು ಕೇಳ್ತಾರೆ ಹೇಳು? ಹಂಡೆ ನೀರು ಕಾದಿರುತ್ತೆ, ಬೆನ್ನಿಗೆ ಎಣ್ಣೆ ಬಿದ್ದಿರುತ್ತೆ, ಮುಖ ಸಪ್ಪಗಿದ್ರೆ ಚಿಕ್ಕಮ್ಮನೋ ದೊಡ್ಡಮ್ಮನೋ ಕೂಸನ್ನ ಎತ್ಕೊಂಡು ಜಗುಲಿಗೆ ಹೋಗಿರ್ತಾರೆ. ಇಲ್ಲಿನವರು ಕೇಳ್ತಾರೆ, ನಾವು ಹೇಳಿದ್ದನ್ನೇ ಬರ್ಕೋತಾರೆ. ಆ ಹಾಳೆ ನಿನ್ನ ಕೈಗೂ ಬರಬಹುದು. ಇದ್ದದ್ದು ಇದ್ದ ಹಾಗೆ ಬರಿ ಮಾರಾಯ್ತಿ.

ಮೂರನೇ ವಾರಕ್ಕೆ ಶಿವಮೊಗ್ಗದಿಂದ ಬಂದ ಪರಿಚಯದವರ ಕೈಲಿ ಅಮ್ಮ ಒಂದು ಗಂಟು ಕಳಿಸಿದ್ಲು. ಲೇಹ್ಯದ ಡಬ್ಬಿ, ಬಜೆ ಬೇರು, ತನ್ನ ಹಳೇ ವಾಯಿಲ್ ಸೀರೆ ಹರಿದು ಅಂಚು ಹೊಲಿದ ಹನ್ನೆರಡು ತುಂಡು. ಗಂಟು ಬಿಚ್ಚಿದ್ರೆ ಬಚ್ಚಲೊಲೆಯ ಹೊಗೆ, ಸೀಗೆಪುಡಿ, ಅಮ್ಮ. ನಾನೇನು ಮಾಡಿದೆ ಗೊತ್ತಾ? ಕೂಸಿಗೆ ಸೋಂಕು ತಗುಲೀತು ಅಂತ ಹನ್ನೆರಡನ್ನೂ ಮಷೀನಿಗೆ ತುಂಬಿ 60 ಡಿಗ್ರಿಗೆ ಇಟ್ಟೆ. ಹೊರಗೆ ತೆಗೆದಾಗ ಪಕ್ಕದ ಮನೆಯವರ ಬಟ್ಟೆಯದೇ ವಾಸನೆ. ಒಂದೊಂದನ್ನೂ ಮೂಸಿ ನೋಡಿದೆ, ಒಂದರಲ್ಲೂ ಉಳಿದಿರಲಿಲ್ಲ.

ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ಆಳು ಸಿಗ್ತಾರೆ. ಅಮ್ಮ ಒಂದು ಸಲ ಬೇಡ ಅಂದ್ರೆ ಮೂರು ಸಲ ಕೇಳು. ವಿಸಿಟರ್ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು, ಹೊರಡೋಕೆ ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕಾಗದಪತ್ರ ಈಗಲೇ ಜೋಡಿಸ್ಕೋ. ಬಜೆ ತೇದು ಜೇನಲ್ಲಿ ನೆಕ್ಕಿಸೋಕೆ ಮಾತ್ರ ಬಿಡಬೇಡ, ವರ್ಷ ತುಂಬೋ ತನಕ ಕೂಸಿಗೆ ಜೇನು ಕೊಡಬಾರದು. ಹಳೇ ಸೀರೆ ತರೋಕೆ ಹೇಳು. ಅಲ್ಲೇ ಒಗೆದು, ಬಚ್ಚಲ ಪಕ್ಕ ಒಣಗಿಸಿ ತರಲಿ. ಇಲ್ಲಿ ಮತ್ತೆ ಒಗೀಬೇಡ.