2.5 ಕೆಜಿ ಅಂತರದಲ್ಲಿ ಚಿನ್ನ ತಪ್ಪಿದ್ದು ಹೇಗೆ? ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿಗೆ ಆಗಿದ್ದೇನು?

ಕೊನೆಯ ಎತ್ತುವಿಕೆ ಕೈಗೂಡಲಿಲ್ಲ, ಅಷ್ಟೇ. 2000ದ ಸಿಡ್ನಿ ಒಲಿಂಪಿಕ್ಸ್‌ನ ಮಹಿಳೆಯರ ವೇಟ್‌ಲಿಫ್ಟಿಂಗ್ 69 ಕೆಜಿ ವಿಭಾಗದಲ್ಲಿ ಮಲ್ಲೇಶ್ವರಿ ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆ ಮೇಲೆತ್ತುವುದು) 110 ಕೆಜಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ಮೇಲಕ್ಕೆ) 130 ಕೆಜಿ ಎತ್ತಿದರು. ಒಟ್ಟು 240, ಸಿಕ್ಕಿದ್ದು ಕಂಚು. ಚಿನ್ನ, ಬೆಳ್ಳಿ ಗೆದ್ದ ಇಬ್ಬರದ್ದೂ 242.5.

ಹಾಗಾದರೆ 132.5 ಎತ್ತಿದ್ದರೆ ಸಾಕಿತ್ತು ಅಲ್ವಾ? ಇಲ್ಲ. ಆಗಿನ ನಿಯಮದಲ್ಲಿ ಒಟ್ಟು ಸಮವಾದರೆ ದೇಹದ ತೂಕ ಕಡಿಮೆ ಇದ್ದವರೇ ಮುಂದೆ. ಅದಕ್ಕೇ ಮಲ್ಲೇಶ್ವರಿ ಕೊನೆಯ ಯತ್ನಕ್ಕೆ 137.5 ಕೇಳಿದರು. ಎತ್ತಿದ್ದರೆ 247.5 ಆಗಿ ಚಿನ್ನ ಸಿಗುತ್ತಿತ್ತು. ತಪ್ಪಿದ ಯತ್ನ ಹಿಂದಿನ ತೂಕವನ್ನು ಕಳೆಯುವುದಿಲ್ಲ, ಹಾಗಾಗಿ ಈ ಜೂಜು ಸುಮ್ನೆ ಹುಚ್ಚು ಧೈರ್ಯವಲ್ಲ. ಅವರು 1994, 1995ರ ವಿಶ್ವ ಚಾಂಪಿಯನ್ ಕೂಡ! ಆ ಕಂಚೇ ಭಾರತೀಯ ಮಹಿಳೆಯೊಬ್ಬರ ಮೊದಲ ಒಲಿಂಪಿಕ್ ಪದಕ.