ಆ ಲೋಟ ಅಲ್ಲೇ ಇರಲಿ

ನಮಸ್ಕಾರ.

ನಿಮ್ಮ ‘ಅಜ್ಜಿ ಎಂಬ ಆಲದ ಮರ’ ಓದಿದೆ. ಎರಡು ಸಲ ಓದಿದೆ. ಅಜ್ಜಿ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ ಅಂತ ಬರೆದಿದ್ದೀರಿ. ಇಂಥ ಹೊತ್ತಲ್ಲಿ ಕತ್ತರಿ ಹಿಡಿದು ಕೂರುವುದು ನನಗೂ ಕಷ್ಟವೇ. ಆದರೆ ‘ಮುಲಾಜಿಲ್ಲದೆ ಹೇಳಿ’ ಅಂದವರು ನೀವೇ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ.

ಮೊದಲ ಮೂರು ಪುಟ ನಿಮ್ಮ ಅಜ್ಜಿಯದ್ದಲ್ಲ. ‘ಕರುಣಾಮಯಿ’, ‘ತ್ಯಾಗಮೂರ್ತಿ’, ‘ತುಂಬಲಾರದ ನಷ್ಟ’ ಇವೆಲ್ಲ ವೈಕುಂಠ ಸಮಾರಾಧನೆ ಕಾರ್ಡಿನ ಮಾತು. ಹೆಸರು, ತಾರೀಖು ಬದಲಿಸಿದರೆ ಯಾರಿಗಾದರೂ ಸಲ್ಲುತ್ತದೆ. ಸೆರಗಿನ ಗಂಟು ಬಿಚ್ಚಿ ನಾಣ್ಯ ಕೊಡುವ ಅಜ್ಜಿ ನನ್ನ ಮೇಜಿಗೆ ತಿಂಗಳಿಗೆ ಮೂರು ಸಲವಾದರೂ ಬರುತ್ತಾರೆ. ಕೈತುತ್ತು ಹಾಕುವ ಅಜ್ಜಿಯರಿಗಂತೂ ಲೆಕ್ಕವಿಲ್ಲ. ನಿಮ್ಮ ಅಜ್ಜಿಯೂ ಹಾಗೆ ಮಾಡಿರಬಹುದು, ಸುಳ್ಳು ಅನ್ನುತ್ತಿಲ್ಲ. ಆದರೆ ಅಲ್ಲಿ ಸೆರಗು ಕಾಣುತ್ತದೆ, ಅವರು ಕಾಣುವುದಿಲ್ಲ.

ಅವರು ನನಗೆ ಸಿಕ್ಕಿದ್ದು ನಾಲ್ಕನೇ ಪುಟದಲ್ಲಿ. ಮೈಸೂರಿನ ಅಗ್ರಹಾರದ ಬಾಡಿಗೆ ಮನೆ. ಸೋಮವಾರದ ವಾರಾನ್ನಕ್ಕೆ ಬರುತ್ತಿದ್ದ ಕಾಲೇಜು ಹುಡುಗ. ‘ಆಗ ಸೋಮವಾರ ರಾತ್ರಿ ಮನೆಯಲ್ಲಿ ದೊಡ್ಡವರು ಯಾರೂ ಊಟ ಮಾಡುತ್ತಿರಲಿಲ್ಲವಂತೆ, ಆ ಹುಡುಗನಿಗೆ ಮಾತ್ರ ಅಜ್ಜಿ ಎಲೆ ಹಾಕುತ್ತಿದ್ದರಂತೆ’ ಅಂತ ಒಂದೇ ಸಾಲು ಬರೆದು, ಮತ್ತೆ ಆಲದ ಮರ ಹತ್ತಿಬಿಟ್ಟಿದ್ದೀರಿ.

ಯಾಕೆ ಊಟ ಮಾಡುತ್ತಿರಲಿಲ್ಲ ಅಂತ ನಿಮ್ಮ ತಂದೆಯವರನ್ನು ಕೇಳಲಿಲ್ವಾ? ಅವರಿಗೆ ಆಗ ಎಂಟು ವರ್ಷ ಅಂದರೆ, ನೀವು ಕೊಟ್ಟ ಲೆಕ್ಕದಲ್ಲಿ ಅದು 1965. ಪಾಕಿಸ್ತಾನದ ಜೊತೆ ಯುದ್ಧ, ಮಳೆ ಕೈಕೊಟ್ಟ ವರ್ಷ, ಅಕ್ಕಿಗೆ ಪರದಾಟ. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ದೇಶವನ್ನೇ ಕೇಳಿಕೊಂಡಿದ್ದರು. ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ನಿಮ್ಮ ಅಜ್ಜಿ ಹಚ್ಚಿದರು, ಒಬ್ಬನಿಗಾಗಿ.

ವಾರಾನ್ನ ಅಂದರೇನು ಅಂತಲೂ ಈಗಿನವರಿಗೆ ಹೇಳಬೇಕು. ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಗೊತ್ತು ಮಾಡಿಕೊಂಡು ಉಣ್ಣುತ್ತಿದ್ದರು. ಒಂದು ಮನೆ ತಪ್ಪಿದರೆ ಆ ದಿನ ಹೊಟ್ಟೆಗಿಲ್ಲ. ಅವತ್ತು ಎಷ್ಟು ಅಕ್ಕಿ ಹಾಕುತ್ತಿದ್ದರು, ಪಾವಾ, ಅರೆಪಾವಾ? ಸಾರಿನ ಒಗ್ಗರಣೆ ವಾಸನೆ ನಡುಮನೆಗೆ ಬಂದಾಗ ತಾತ ಏನು ಮಾಡುತ್ತಿದ್ದರು? ಮನೆಯವರು ಉಂಡಿಲ್ಲ ಅಂತ ಆ ಹುಡುಗನಿಗೆ ಗೊತ್ತಿತ್ತಾ, ಇಲ್ಲಾ ‘ನಮ್ಮದೆಲ್ಲ ಆಯ್ತು, ನೀನು ಕೂತ್ಕೋ’ ಅನ್ನುತ್ತಿದ್ದರಾ? ಊಹೆ ಮಾಡಿ ಬರೆಯಬೇಡಿ. ಕೇಳಿ ಬರೆಯಿರಿ.

ಹೂವಿನವಳ ಹತ್ತಿರ ಮೊಳ ಹಾಕುವಾಗಿನ ಜಗಳ, ಹಾಲಿನ ಕವರ್ ತೊಳೆದು ತಂತಿಗೆ ಸಿಕ್ಕಿಸುವುದು, ಇವನ್ನು ನೀವು ಸಂಕೋಚದಿಂದ ಬರೆದ ಹಾಗಿದೆ. ಸಂಕೋಚ ಬೇಡ. ಹಾಗೆ ಉಳಿಸಿದ್ದರಿಂದಲೇ ಅಲ್ವಾ ಕೊಡಲು ಏನಾದರೂ ಇದ್ದದ್ದು?

ಇನ್ನೊಂದು ವಿಷಯ, ನಿಮಗೆ ಬೇಜಾರಾಗಬಹುದು. ‘ನಮ್ಮಜ್ಜಿ ಜಾತಿ ಗೀತಿ ನೋಡಿದವರಲ್ಲ’ ಅಂತ ಬರೆದಿದ್ದೀರಿ. ಅದೇ ಪುಟದ ಕೊನೆಯಲ್ಲಿ, ಪಾತ್ರೆ ತೊಳೆಯಲು ಬರುತ್ತಿದ್ದವರಿಗೆ ದಿನಾ ಎರಡು ಹೊತ್ತು ಬಿಸಿ ಕಾಫಿ, ಅವರಿಗೆಂದೇ ಒಂದು ಲೋಟ, ಅದು ಹಿತ್ತಲ ಕಟ್ಟೆಯ ಮೇಲೆ ಕವುಚಿಕೊಂಡಿರುತ್ತಿತ್ತು ಅಂತಲೂ ಇದೆ. ನೀವು ಪ್ರೀತಿಯಿಂದಲೇ ಬರೆದಿದ್ದೀರಿ. ಆದರೆ ಆ ಲೋಟ ಯಾಕೆ ಒಳಗೆ ಬರಲಿಲ್ಲ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ವಾರಾನ್ನದ ಬಾಗಿಲೂ ಹೆಚ್ಚಾಗಿ ತಮ್ಮ ಜಾತಿಯ ಹುಡುಗರಿಗೇ ತೆರೆಯುತ್ತಿತ್ತು. ಅಜ್ಜಿಯನ್ನು ಬೈಯಿರಿ ಅನ್ನುತ್ತಿಲ್ಲ. ‘ನೋಡಿದವರಲ್ಲ’ ಅನ್ನುವ ಸಾಲು ಹೊಡೆದುಹಾಕಿ, ಲೋಟ ಅಲ್ಲೇ ಇರಲಿ. ಅವರ ಕಾಫಿಗೂ ಮೊದಲ ಡಿಕಾಕ್ಷನ್ನೇ ಹಾಕುತ್ತಿದ್ದರು ಅಂದಿದ್ದೀರಲ್ಲ, ಅದೂ ಇರಲಿ. ಎರಡೂ ಅಕ್ಕಪಕ್ಕ ಇರಲಿ, ನಡುವೆ ನಿಮ್ಮ ವಿವರಣೆ ಬೇಡ. ಬರೆಯುವುದು ಸುಲಭ ಅಲ್ಲ, ಗೊತ್ತು. ನನ್ನ ಅಜ್ಜಿಯ ಹಿತ್ತಲಲ್ಲೂ ಅಂಥದ್ದೊಂದು ತಟ್ಟೆ ಇತ್ತು. ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ.

ಆಸ್ಪತ್ರೆಯ ಭಾಗ ತೆಗೆಯಿರಿ. ಕೊನೆಯ ಕವನವನ್ನೂ. ಎಂಟುನೂರು ಪದ ಸಾಕು. ಅವಸರ ಏನಿಲ್ಲ, ವರ್ಷಾಬ್ದಿಕ ಮುಗಿದ ಮೇಲೆ ಕಳಿಸಿದರೂ ನಡೆಯುತ್ತದೆ. ತಂದೆಯವರನ್ನು ಕೇಳುವುದು ಮಾತ್ರ ಈ ಭಾನುವಾರವೇ ಆಗಲಿ. ಹಾಂ, ‘ನುಡಿ’ ತಂತ್ರಾಂಶದ ಹಳೇ ಫಾಂಟಿನ ಫೈಲ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲ ಒತ್ತಕ್ಷರ ಎಲ್ಲ ಹಾರಿಹೋಗಿ, ಏಳು ಪುಟದುದ್ದಕ್ಕೂ ನಿಮ್ಮ ಅಜ್ಜಿ ‘ಅಜಿ’ ಆಗಿದ್ದರು.